ಚಾಮುಂಡಿ ಮೆಟ್ಟಿಲಾ, ಕರಿಘಟ್ಟವಾ, ಮೇಲುಕೋಟೆಯಾ: ಮಂಡಿ ನೋವಿನ ಅಕ್ಕನ ಜೊತೆ ನಡೆದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನಿಧಾನವಾಗಿ ನಡೆಯಬೇಕು, ಬೆಟ್ಟದ ಗಾಳಿ ಬೇಕು, ಕಣ್ಣಿಗೆ ಚೆಂದ ಕಾಣಬೇಕು, ಆದರೆ ಮನೆಗೆ ಬಂದ ಮೇಲೆ ಮಂಡಿ ಹಿಡಿದುಕೊಂಡು ಕೂರಬಾರದು ಅನ್ನುವವರು ಮೇಲುಕೋಟೆಗೆ ಹೋಗಿ. ಅದರಲ್ಲೂ ನರಸಿಂಹಸ್ವಾಮಿ ಬೆಟ್ಟದ ಮೆಟ್ಟಿಲಿಗಿಂತ ಮೊದಲು ಊರೊಳಗಿನ ನಡಿಗೆ ಮಾಡಿ. ನಮಗೆ ಇದು ಗೊತ್ತಾಗಲು ಐದು ತಿಂಗಳು ಹಿಡಿಯಿತು.

ನಾನಿರುವುದು ಮೈಸೂರಿನಲ್ಲಿ, ಅಕ್ಕ ಮಂಡ್ಯದಲ್ಲಿ. ಅವಳಿಗೆ ಈಗ 58. ಎರಡೂ ಮಂಡಿ ನೋವು, ಜೊತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ನಡೆಯಿರಿ ಅಂದರು. ಆದರೆ ಅವಳಿಗೆ ಪಾರ್ಕಿನಲ್ಲಿ ಸುತ್ತು ಹಾಕುವುದು ಆಗಿಬರುವುದಿಲ್ಲ. "ಗಾಣದೆತ್ತಿನ ಥರ ಸುತ್ತೋದಕ್ಕೆ ನನ್ನ ಕೈಲಾಗಲ್ಲ ಕಣೇ, ಎಲ್ಲಾದರೂ ಬೆಟ್ಟದ ಕಡೆ ಕರ್ಕೊಂಡು ಹೋಗು" ಅಂದಳು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಒಂದೊಂದು ಕಡೆ ಹೋಗಿ ನೋಡೋಣ ಅಂತ ಶುರು ಮಾಡಿದೆವು.

ಮೊದಲ ಎರಡು ಸಲ ಕುಕ್ಕರಹಳ್ಳಿ ಕೆರೆ. ಅದು ಬೆಟ್ಟವಲ್ಲ, ನಿಜ. ಆದರೆ ಮೈಸೂರಿನಲ್ಲಿ ನಡಿಗೆ ಅಭ್ಯಾಸ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ. ಸುತ್ತ ನಾಲ್ಕೂವರೆ ಕಿಲೋಮೀಟರಿನಷ್ಟು ಮಣ್ಣಿನ ದಾರಿ, ಉದ್ದಕ್ಕೂ ನೆರಳು, ನೀರಿನಲ್ಲಿ ಹೆಜ್ಜಾರ್ಲೆಗಳು. ಮಂಡಿಗೆ ಮಣ್ಣಿನ ದಾರಿ ಎಷ್ಟು ಹಿತ ಅಂತ ಅಲ್ಲಿ ನಡೆದವರಿಗೇ ಗೊತ್ತು. ಅಕ್ಕ ಮೊದಲ ದಿನ ಅರ್ಧ ಸುತ್ತು, ಎರಡನೇ ಸಲ ಪೂರ್ತಿ ಸುತ್ತು ಮುಗಿಸಿದಳು. ಅಲ್ಲಿಗೆ ಧೈರ್ಯ ಬಂತು. ಧೈರ್ಯ ಬಂದಿದ್ದೇ ಚಾಮುಂಡಿ ಬೆಟ್ಟಕ್ಕೆ ಹೊರಟೆವು.

ಚಾಮುಂಡಿ ಮೆಟ್ಟಿಲ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳಲಾರೆ. ಚಿಕ್ಕಂದಿನಿಂದ ಹತ್ತಿದ ಮೆಟ್ಟಿಲು ಅದು. ಬೆಳಗಿನ ಆರು ಗಂಟೆಗೆ ಅರ್ಧ ದಾರಿಯಲ್ಲಿ ನಿಂತು ಹಿಂತಿರುಗಿ ನೋಡಿದರೆ ಇಡೀ ಮೈಸೂರು ಕಾಲಡಿ ಇರುತ್ತದೆ. ಅರಮನೆ, ರೇಸ್ ಕೋರ್ಸು, ಬೆಳ್ಳಗೆ ಹೊಳೆಯುವ ಲಲಿತಮಹಲ್. ಕೆಳಗಿನ ಮೆಟ್ಟಿಲುಗಳು ಕಡಿದು, ನಂದಿ ದಾಟಿದ ಮೇಲೆ ಸಲೀಸು. ಹತ್ತುವಾಗ ಅಕ್ಕ ಅಲ್ಲಲ್ಲಿ ಕೂತು, ನೀರು ಕುಡಿದು, ಒಂದೂವರೆ ಗಂಟೆಯಲ್ಲಿ ಮೇಲೆ ತಲುಪಿದಳು. ದರ್ಶನವೂ ಚೆನ್ನಾಗಿ ಆಯಿತು.

ತೊಂದರೆ ಶುರುವಾದದ್ದು ಆಮೇಲೆ. ನಮ್ಮ ಸ್ಕೂಟರು ಇದ್ದದ್ದು ಕೆಳಗೆ, ಬೆಟ್ಟದ ಪಾದದಲ್ಲಿ. ನಾವು ಇದ್ದದ್ದು ಮೇಲೆ. ಸಾವಿರದೆಂಟು ಮೆಟ್ಟಿಲು ಇಳಿಯಬೇಕು. ಹತ್ತುವುದೇ ಕಷ್ಟ, ಇಳಿಯುವುದು ಸುಲಭ ಅಂತ ನಾವು ಅಂದುಕೊಂಡಿದ್ದೆವು. ಮಂಡಿ ನೋವಿದ್ದವರಿಗೆ ಅದು ಉಲ್ಟಾ. ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ಮೈಭಾರವೆಲ್ಲ ಮಂಡಿ ಮೇಲೆ. ಐವತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಅಕ್ಕ ಗೋಡೆ ಹಿಡಿದು ನಿಂತಳು. ಕಾಲು ನಡುಗುತ್ತಿತ್ತು. ವಾಪಸ್ ಮೇಲೆ ಹತ್ತಿದೆವು.

ಬಸ್ಸಿನಲ್ಲಿ ಹೋಗೋಣ ಅಂದರೆ 201ನೇ ನಂಬರ್ ಬಸ್ಸು ಮೇಲಿನಿಂದ ಸಿಟಿ ಬಸ್ ಸ್ಟ್ಯಾಂಡಿಗೆ ಹೋಗುತ್ತದೆ. ಮೆಟ್ಟಿಲಿನ ಬುಡಕ್ಕೆ ಬರುವುದಿಲ್ಲ. ಬೇರೆ ದಾರಿಯಿರಲಿಲ್ಲ, ಅದನ್ನೇ ಹತ್ತಿದೆವು. ಸ್ಟ್ಯಾಂಡಿನಲ್ಲಿ ಇಳಿದು ಪಾದದ ಹತ್ತಿರ ಹೋಗಲು ಆಟೊ ಹುಡುಕಿದೆವು. ಇಬ್ಬರು ಬರಲ್ಲ ಅಂದರು. ಮೂರನೆಯವರು ವಾಪಸ್ ಬಾಡಿಗೆ ಸಿಗಲ್ಲ ಅಂತ ಡಬಲ್ ಕೇಳಿದರು. ಕೊಟ್ಟೆವು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟವರು ಮನೆ ಸೇರಿದಾಗ ಹನ್ನೆರಡು ಗಂಟೆ. ಅಕ್ಕ ಎರಡು ದಿನ ಮಂಡ್ಯಕ್ಕೆ ವಾಪಸ್ ಹೋಗಲಿಲ್ಲ, ನಮ್ಮ ಮನೆಯಲ್ಲೇ ಕಾಲು ಚಾಚಿ ಮಲಗಿದ್ದಳು. ಅವಳನ್ನು ಕರೆದುಕೊಂಡು ಹೋದದ್ದು ನಾನು. ನನಗೆ ತುಂಬಾ ಬೇಜಾರಾಯಿತು.

ಎರಡನೇ ಸಲ ಸ್ಕೂಟರನ್ನೇ ಮೇಲೆ ತೆಗೆದುಕೊಂಡು ಹೋದೆವು. ಮೇಲಿನಿಂದ ನಂದಿವರೆಗೆ ಇಳಿದು ಮತ್ತೆ ಹತ್ತೋಣ ಅಂತ. ಇದು ಅರ್ಧ ಸರಿ. ಆದರೆ ತಣ್ಣಗಿರುವ ಕಾಲಿನಲ್ಲಿ ಮೊದಲು ಇಳಿಯುವ ಕೆಲಸವೇ ಬರುತ್ತದಲ್ಲ, ಅದು ಅವಳಿಗೆ ಹಿಡಿಸಲಿಲ್ಲ.

ಮೂರನೇ ಸಲ ಸರಿಯಾದ ದಾರಿ ಸಿಕ್ಕಿತು. ನಂದಿಯ ಹತ್ತಿರಕ್ಕೆ ರಸ್ತೆ ಇದೆ. ಗಾಡಿ ಅಲ್ಲಿ ನಿಲ್ಲಿಸಿ. ನಂದಿ ಇರುವುದು ಸುಮಾರು 700ನೇ ಮೆಟ್ಟಿಲ ಹತ್ತಿರ, ಹಾಗಾಗಿ ಉಳಿಯುವುದು ಮುನ್ನೂರು ಚಿಲ್ಲರೆ ಮೆಟ್ಟಿಲು, ಅದೂ ಕಡಿದಲ್ಲದ ಭಾಗ. ಅಷ್ಟನ್ನು ಹತ್ತಿ, ದರ್ಶನ ಮಾಡಿ, ಅಷ್ಟನ್ನೇ ನಿಧಾನವಾಗಿ ಇಳಿದರೆ ಗಾಡಿ ಕಣ್ಣೆದುರಿಗೇ ಇರುತ್ತದೆ. ದೊಡ್ಡ ದೇವರಾಜ ಒಡೆಯರ ಕಾಲದ ಆ ಏಕಶಿಲೆಯ ನಂದಿಯ ಮುಂದೆ ಹತ್ತು ನಿಮಿಷ ಕೂರುವುದಕ್ಕೂ ಆಗುತ್ತದೆ. ಕೊರಳಿನ ಗಂಟೆ ಸರ ಎಷ್ಟು ಸೂಕ್ಷ್ಮವಾಗಿ ಕೆತ್ತಿದ್ದಾರೆ ಅಂತ ಏದುಸಿರು ಬಿಡುತ್ತಾ ಹತ್ತುವಾಗ ನಾನು ಯಾವತ್ತೂ ಗಮನಿಸಿರಲಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದು, ಮೆಟ್ಟಿಲು ಹತ್ತಿಯೇ ತಾಯಿ ಚಾಮುಂಡಿಯನ್ನು ನೋಡಬೇಕು ಅನ್ನುವ ಆಸೆ ಇದ್ದರೆ ಹೀಗೆ ಮಾಡಿ.

ಆಷಾಢದಲ್ಲಿ ಮಾತ್ರ ಬೇಡ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ನೋಡಲು ಕಣ್ಣು ತುಂಬುತ್ತದೆ, ಆದರೆ ಮಳೆ ಹನಿ ಬಿದ್ದರೆ ಕಾಲು ಜಾರುತ್ತದೆ.

ಕರಿಘಟ್ಟ. ಶ್ರೀರಂಗಪಟ್ಟಣದಿಂದ ಆಟೊದಲ್ಲಿ ಹೋದೆವು. ಇಲ್ಲಿ ಮೆಟ್ಟಿಲೂ ಇದೆ, ಮೇಲಿನವರೆಗೆ ರಸ್ತೆಯೂ ಇದೆ. ಮೆಟ್ಟಿಲು ಬಿಟ್ಟು ರಸ್ತೆಯಲ್ಲೇ ನಡೆದು ಹತ್ತಿ. ಏರು ಹದವಾಗಿದೆ, ಅಕ್ಕನಿಗೆ ಒಮ್ಮೆಯೂ ಮಂಡಿ ಹಿಡಿಯಲಿಲ್ಲ. ಮೇಲೆ ಕಪ್ಪು ಕಲ್ಲಿನ ಶ್ರೀನಿವಾಸ. ದೇವಸ್ಥಾನದ ಅಂಗಳದಿಂದ ನೋಡಿದರೆ ಲೋಕಪಾವನಿ ಬಂದು ಕಾವೇರಿಗೆ ಸೇರುವುದು, ಸುತ್ತ ಕಬ್ಬು, ಭತ್ತದ ಗದ್ದೆ, ತೆಂಗಿನ ತೋಟ. ಬರೀ ನೋಟಕ್ಕೆ ನಂಬರ್ ಕೊಡುವುದಾದರೆ ನಾನು ಕರಿಘಟ್ಟಕ್ಕೇ ಮೊದಲ ನಂಬರ್ ಕೊಡುತ್ತೇನೆ. ಮಳೆ ನಿಂತ ಮೇಲಿನ ಎರಡು ತಿಂಗಳು ಬೆಟ್ಟ ಹಸಿರಾಗಿರುತ್ತದೆ, ಬೇಸಿಗೆಯಲ್ಲಿ ಸುಟ್ಟ ಹಾಗೆ.

ಆದರೂ ನಾವು ಮತ್ತೆ ಹೋಗಿಲ್ಲ. ವಾರದ ಮಧ್ಯೆ ಹೋದರೆ ದಾರಿಯಲ್ಲಿ ಜನವೇ ಇಲ್ಲ. ನಾವಿಬ್ಬರೇ ಹೆಂಗಸರು. ಏನೂ ಆಗಲಿಲ್ಲ, ಆದರೆ ಮನಸ್ಸು ನಿರಾಳ ಇರಲಿಲ್ಲ. ನೆರಳೂ ಕಡಿಮೆ. ಒಂದು ಗಂಟೆಯಲ್ಲಿ ಎಲ್ಲ ಮುಗಿದೂ ಹೋಗುತ್ತದೆ. ಮಂಡ್ಯದಿಂದ ಇದಕ್ಕೋಸ್ಕರ ಬಸ್ಸು ಹತ್ತಿ ಬರಬೇಕಾ ಅಂತ ಅಕ್ಕ ಕೇಳಿದಳು. ಮನೆಮಂದಿಯೆಲ್ಲ ಭಾನುವಾರ ಕಾರಿನಲ್ಲಿ ಹೋಗುವವರಿಗೆ ಈ ತೊಂದರೆ ಯಾವುದೂ ಇಲ್ಲ.

ಪಾಂಡವಪುರದ ಕುಂತಿಬೆಟ್ಟಕ್ಕೆ ಅಕ್ಕನನ್ನು ಕರೆದುಕೊಂಡು ಹೋಗಲೇ ಇಲ್ಲ. ಮಗಳ ಜೊತೆ ಹೋಗಿ ನೋಡಿ ಬಂದೆ. ಬಂಡೆ ಹತ್ತುವ ವಯಸ್ಸಿನವರಿಗೆ ಅದು.

ಈಗ ಮೇಲುಕೋಟೆ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ನೇರ ಬಸ್ಸು ಸಿಗದಿದ್ದರೆ ನಾಗಮಂಗಲ ಕಡೆಯ ಬಸ್ಸು ಹತ್ತಿ ಜಕ್ಕನಹಳ್ಳಿಯಲ್ಲಿ ಇಳಿದು ಅಲ್ಲಿಂದ ಆಟೊ. ಅಕ್ಕ ಮಂಡ್ಯದಿಂದ ಬೇರೆ ಬಸ್ಸಿನಲ್ಲಿ ಬಂದು ಸೇರಿಕೊಳ್ಳುತ್ತಾಳೆ. ಗಾಡಿ ಇಲ್ಲ ಅಂದ ಮೇಲೆ ಗಾಡಿ ಎಲ್ಲಿ ಬಿಟ್ಟಿದ್ದೆವು ಅನ್ನುವ ಚಿಂತೆಯೂ ಇಲ್ಲ. ಎಲ್ಲಿ ನಡಿಗೆ ಸಾಕು ಅನಿಸುತ್ತದೋ ಅಲ್ಲಿಗೆ ನಿಲ್ಲಿಸಬಹುದು. ಚಾಮುಂಡಿಯಲ್ಲಿ ಪಟ್ಟ ಪಾಡಿನ ಮೇಲೆ ನನಗೆ ಇದೇ ದೊಡ್ಡ ವಿಷಯ.

ನಾವು ನಡೆಯುವ ದಾರಿ ಇಷ್ಟೇ. ಮೊದಲು ಕಲ್ಯಾಣಿ. ಮೆಟ್ಟಿಲ ಮೇಲೆ ಕೂತು ಹತ್ತು ನಿಮಿಷ ನೀರು ನೋಡುವುದು. ಸುತ್ತಲಿನ ಕಲ್ಲಿನ ಮಂಟಪಗಳು, ಮೇಲೆ ಬೆಟ್ಟದ ತುದಿಯಲ್ಲಿ ಯೋಗನರಸಿಂಹನ ಗೋಪುರ, ಅದರ ನೆರಳು ಕೆಳಗೆ ನೀರಿನಲ್ಲಿ. ಆಮೇಲೆ ಊರೊಳಗಿನ ಬೀದಿ ಹಿಡಿದು ಚೆಲುವನಾರಾಯಣನ ಗುಡಿ. ಹಳೆಯ ಹೆಂಚಿನ ಮನೆಗಳು, ಜಗುಲಿಗಳು. ಪು.ತಿ.ನ. ಅವರು 1905ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ, ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಅಲ್ಲಿಂದ ರಾಯಗೋಪುರದ ಕಡೆ. ಎತ್ತರದ ನಾಲ್ಕು ಕಂಬ, ಮೇಲೆ ಏನೂ ಇಲ್ಲ. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾಗಿ ನಿಂತುಹೋಯಿತು ಅಂತ ಊರವರು ಹೇಳುತ್ತಾರೆ. ಆ ಕಂಬಗಳ ನಡುವೆ ನಿಂತರೆ ಗಾಳಿ ಸೆರಗು ಹಾರಿಸುತ್ತದೆ.

ರಾಯಗೋಪುರದ ಪಕ್ಕದಲ್ಲೇ ಅಕ್ಕ ತಂಗಿ ಕೊಳ. ಒಂದಕ್ಕೊಂದು ಅಂಟಿಕೊಂಡ ಎರಡು ಕೊಳ. ಒಂದರ ನೀರು ಕುಡಿಯಲು, ಇನ್ನೊಂದರದ್ದು ಬೇರೆ ಕೆಲಸಕ್ಕೆ ಅಂತ ಅಲ್ಲಿಯವರು ಹೇಳಿದರು. ಪಕ್ಕಪಕ್ಕದಲ್ಲೇ ಇದ್ದೂ ಎರಡರ ನೀರು ಬೇರೆ! ಅಕ್ಕ ಬಂಡೆ ಮೇಲೆ ಕಾಲು ಚಾಚಿ ಕೂತು, "ಅಮ್ಮ ಇದ್ದಿದ್ರೆ ಇಲ್ಲಿಗೆ ಕರ್ಕೊಂಡು ಬರಬೇಕಿತ್ತು ಕಣೇ" ಅಂದಳು. ಅರ್ಧ ಗಂಟೆ ಅಲ್ಲೇ ಇದ್ದೆವು. ನಮ್ಮ ಮಾತು ಅಷ್ಟು ಹೊತ್ತು ಮನೆಯ ಲೆಕ್ಕಾಚಾರ ಬಿಟ್ಟು ಬೇರೆ ಕಡೆ ಹರಿದದ್ದು ಎಷ್ಟೋ ವರ್ಷದ ಮೇಲೆ.

ಎಲ್ಲ ಸೇರಿ ಎರಡೂವರೆ ಗಂಟೆ, ಕೂತದ್ದೂ ಸೇರಿ. ಏರಿಳಿತ ಇದೆ, ಆದರೆ ಒಂದೇ ಸಮನೆ ಇಳಿಯಬೇಕಾದ ಜಾಗ ಎಲ್ಲೂ ಇಲ್ಲ. ಶಕ್ತಿ ಉಳಿದಿದ್ದರೆ ಕೊನೆಯಲ್ಲಿ ಬೆಟ್ಟದ ಮೆಟ್ಟಿಲು ಹತ್ತಿ. ಅಕ್ಕ ಎರಡನೇ ಸಲ ಹೋದಾಗ ಹತ್ತಿದಳು, ಸಲೀಸಾಗಿ ಇಳಿದಳು ಕೂಡ. ಮೇಲಿನಿಂದ ನೋಡಿದರೆ ಊರು ಮುಗಿದದ್ದೇ ಬಂಡೆ, ಕುರುಚಲು ಕಾಡು. ಆ ಕಾಡು 1974ರಿಂದ ವನ್ಯಜೀವಿ ಧಾಮ, ಮುಖ್ಯವಾಗಿ ತೋಳಗಳಿಗಾಗಿ. ಮಂಡ್ಯದಲ್ಲೇ ಹುಟ್ಟಿ ಬೆಳೆದ ಅಕ್ಕನಿಗೆ ಇದು ಹೊಸ ಸುದ್ದಿ.

ಮೇಲುಕೋಟೆಯಲ್ಲಿ ಕಷ್ಟ ಇಲ್ಲವೇ ಇಲ್ಲ ಅಂತಲ್ಲ. ಕೋತಿಗಳು ಜಾಸ್ತಿ. ಕೈಯಲ್ಲಿ ಕವರ್ ಕಂಡರೆ ಕಿತ್ತುಕೊಳ್ಳುತ್ತವೆ, ತಿಂಡಿಯನ್ನು ಜಿಪ್ ಇರುವ ಚೀಲದೊಳಗೆ ಇಡಿ. ಹನ್ನೊಂದು ಗಂಟೆ ಮೇಲೆ ಕಲ್ಲು ಕಾದು ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಲೇಸು ಕಟ್ಟುವ ಶೂ ಬೇಡ. ನಾನು ಈ ನಡಿಗೆಗೆ ಅಂತಲೇ 2,600 ರೂಪಾಯಿ ಕೊಟ್ಟು ತಂದೆ. ಪ್ರತಿ ಗುಡಿಯ ಮುಂದೆ ಬಿಚ್ಚಿ ಕಟ್ಟಿ ಸಾಕಾಗಿ ಈಗ ಹಿಂದೆ ಪಟ್ಟಿ ಇರುವ ಚಪ್ಪಲಿಗೆ ಬಂದಿದ್ದೇನೆ. ಚೆಲುವನಾರಾಯಣನಿಗೆ ವಜ್ರದ ಕಿರೀಟ ತೊಡಿಸುವ ವೈರಮುಡಿ ಉತ್ಸವದ ದಿನ ನಡಿಗೆಗೆ ಹೋಗಬೇಡಿ. ಮಂಡ್ಯದ ಖಜಾನೆಯಿಂದ ಆ ಕಿರೀಟ ಹೊರಡುವುದನ್ನು ಅಕ್ಕ ವರ್ಷವರ್ಷ ನೋಡುತ್ತಾಳೆ, ಜನ ಎಷ್ಟು ಸೇರುತ್ತಾರೆ ಅಂತ ಅವಳಿಗೆ ಗೊತ್ತು. ದರ್ಶನಕ್ಕೆ ಹೋಗಿ, ಖಂಡಿತ ಹೋಗಿ. ನಡಿಗೆಗೆ ಬೇರೆ ದಿನ ಇಟ್ಟುಕೊಳ್ಳಿ.

ಖರ್ಚು. ಶಕ್ತಿ ಯೋಜನೆ 2023ರಲ್ಲಿ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಆಧಾರ್ ಕಾರ್ಡ್ ಒಂದಿದ್ದರೆ ಸಾಕು. ಮೇಲುಕೋಟೆಯ ಒಂದು ದಿನಕ್ಕೆ ಆಟೊ, ಪುಳಿಯೋಗರೆ, ಸಕ್ಕರೆ ಪೊಂಗಲ್ ಎಲ್ಲ ಸೇರಿ ಇಬ್ಬರಿಗೆ 400 ರೂಪಾಯಿ ದಾಟಲಿಲ್ಲ. ಪೊಂಗಲ್ ನನ್ನ ಪಾಲಿಗೆ, ಅಕ್ಕನಿಗೆ ಒಂದೇ ಚಮಚ. ಚಾಮುಂಡಿ ಬೆಟ್ಟದ ಮೊದಲ ದಿನ ಆಟೊ, ಮಾತ್ರೆ, ಮುಲಾಮು ಸೇರಿ ಅದಕ್ಕಿಂತ ಜಾಸ್ತಿ ಆಗಿತ್ತು.

ದಿನಾ ನಡೆಯುವವರು ಕುಕ್ಕರಹಳ್ಳಿಗೆ ಹೋಗಿ. ಕಾರಿದ್ದು ಸಂಜೆ ಒಂದು ಗಂಟೆ ಬಿಡುವಿದ್ದರೆ ಕರಿಘಟ್ಟ. ಹರಕೆ ಇದ್ದರೆ ಚಾಮುಂಡಿ, ನಂದಿಯಿಂದ ಮೇಲಕ್ಕೆ. ನಮ್ಮ ಥರ ಬಸ್ಸಿನಲ್ಲಿ ಓಡಾಡುವವರು, ಮನೆ ಕೆಲಸ ಒಂದು ದಿನ ಪಕ್ಕಕ್ಕಿಟ್ಟು ಒಡಹುಟ್ಟಿದವರ ಜೊತೆ ಕಳೆಯಬೇಕು ಅನ್ನುವವರು ಮೇಲುಕೋಟೆಗೆ ಬೆಳಗಿನ ಮೊದಲ ಬಸ್ಸು ಹಿಡಿಯಿರಿ. ಬಿಸಿಲೇರುವ ಮೊದಲು ರಾಯಗೋಪುರ ಮುಗಿಸಿಬಿಡಿ.

ಮೇಲುಕೋಟೆಯಲ್ಲೇ ಇರುವ ಧನುಷ್ಕೋಟಿ ಕಡೆ ನಾವಿನ್ನೂ ಹೋಗಿಲ್ಲ. ಬರುವ ಗುರುವಾರ ಅಂತ ಗೊತ್ತು ಮಾಡಿದ್ದೇವೆ. ನಿನ್ನೆ ಅಕ್ಕ ಫೋನ್ ಮಾಡಿ, ಈ ಸಲ ಬುತ್ತಿ ನಾನೇ ತರುತ್ತೇನೆ, ನೀನು ಬರೀ ನೀರು ತಾ ಅಂದಳು.