ಮೊದಲ ಗಾಳದ ಕೋಲು: ಫೈಬರ್‌ಗ್ಲಾಸಾ, ಕಾರ್ಬನ್ನಾ?

ಮಂಡ್ಯದ ಕಡೆ ಕೆರೆ ಏರಿ ಮೇಲೆ ಕೂತು ಕಾಟ್ಲಾ ಹಿಡಿಯೋಕೆ ನೀವೇ ಕೋಲು ಕಟ್ಟುವುದಾದರೆ, ಫೈಬರ್‌ಗ್ಲಾಸ್ ತಗೊಳ್ಳಿ. ಭಾರ ಸ್ವಲ್ಪ ಜಾಸ್ತಿ, ನಿಜ. ಆದರೆ ಚೆನ್ನಾಗಿ ಬಾಗುತ್ತದೆ, ಕಲ್ಲಿಗೆ ತಗುಲಿದರೂ ತಡೆದುಕೊಳ್ಳುತ್ತದೆ.

ಕಾರ್ಬನ್ ಹಗುರ. ಮೀನು ಸುಮ್ನೆ ಮೂತಿ ತಾಗಿಸಿದರೂ ಕೈಗೆ ಗೊತ್ತಾಗುತ್ತದೆ. ದಿನವಿಡೀ ಎಸೆದು ಎಳೆಯುವವರಿಗೆ ಅದೇ ಸರಿ. ಆದರೆ ಬೈಕಿನಲ್ಲಿ ಒಯ್ಯುವಾಗ ಒಂದು ಏಟು ಬಿದ್ದಿದ್ದರೆ, ಮೀನು ಎಳೆಯುವಾಗ ಅಲ್ಲೇ ಲಟಕ್ಕನೆ ಮುರಿಯಬಹುದು.

ಕಟ್ಟುವ ಕೆಲಸ ಎರಡಕ್ಕೂ ಒಂದೇ. 7 ಅಡಿ ಕೋಲಿಗೆ ತುದಿಯದು ಬಿಟ್ಟು 7-8 ರಿಂಗ್ (ಗಾಳದ ದಾರ ಹಾಯುವ ಬಳೆ) ಸಾಕು. ರಿಂಗನ್ನು ಕೋಲಿಗೆ ಬಿಗಿಯಲು ದಾರ ಒತ್ತಾಗಿ ಸುತ್ತಿ, ಉಗುರಿನಿಂದ ತಳ್ಳಿ ಸಂದು ಮುಚ್ಚಿ. ಆ ಸುತ್ತಿಗೆ ಎಪಾಕ್ಸಿ ಅಂಟು ಹಚ್ಚಿದ ಮೇಲೆ ಗಟ್ಟಿಯಾಗುವವರೆಗೂ ಕೋಲು ತಿರುಗಿಸುತ್ತಲೇ ಇರಿ. ನಾನು ಬೇಗ ನಿಲ್ಲಿಸಿದ್ದೆ. ಅಂಟೆಲ್ಲ ಒಂದೇ ಕಡೆ ಇಳಿದು ಹನಿಗಟ್ಟಿತ್ತು.