ಟಿಲ್ಲರ್, ಮಿನಿ, ದೊಡ್ಡ ಟ್ರ್ಯಾಕ್ಟರ್: ಕರಾವಳಿಯ ಗದ್ದೆಗೆ ಯಾವುದು ಬಾಳಿಕೆ?

ಬ್ರಹ್ಮಾವರದ ಕಡೆ ಬೈಲು ಗದ್ದೆ, ಜೊತೆಗೆ ಸ್ವಲ್ಪ ಅಡಿಕೆ ತೋಟ, ಬಹಳ ವರ್ಷ ಬಾಳುವ ಗಾಡಿ ಬೇಕು ಎಂದಿದ್ದೀರಿ. ಹಾಗಾದರೆ ಬ್ರ್ಯಾಂಡ್‌ಗಿಂತ ಮೊದಲು ನಿಮ್ಮ ಕೆಸರಿನ ಆಳ ನೋಡಿ.

ನಮ್ಮಲ್ಲಿ ಎಷ್ಟೋ ಸಲ ಎಂಜಿನ್‌ಗಿಂತ ಮೊದಲು ಕೈಕೊಡುವುದು ಆಯಿಲ್ ಸೀಲ್, ಅಂದರೆ ಆಯಿಲ್ ಹೊರಬಾರದಂತೆ, ನೀರು ಒಳಹೋಗದಂತೆ ತಡೆಯುವ ರಬ್ಬರ್ ಬಳೆ. ಮಳೆಗಾಲದ ಉಳುಮೆಯಲ್ಲಿ ಆಕ್ಸಲ್ ಕೆಸರಲ್ಲೇ ಇರುತ್ತದೆ. ಸೀಲ್ ಸವೆದರೆ ನೀರು ಒಳಗೆ ಹೋಗಿ ಗೇರ್ ಆಯಿಲ್ ಹಾಲು ಚಹಾದ ಬಣ್ಣಕ್ಕೆ ತಿರುಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೊಸ ಪೇಂಟ್ ನೋಡಿ ಮರುಳಾಗಬೇಡಿ, ಗೇರ್ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ಬಣ್ಣ ನೋಡಿ.

ಆಳ ಕೆಸರು, ಸಣ್ಣ ಸಣ್ಣ ಗದ್ದೆ ಇದ್ದರೆ ವಿಎಸ್‌ಟಿ ಶಕ್ತಿಯ 13 ಎಚ್‌ಪಿ ಟಿಲ್ಲರ್ ಸಾಕು. ಹಗುರ, ಸುಲಭವಾಗಿ ಹೂತುಹೋಗುವುದಿಲ್ಲ, ಮೂಲೆಯಲ್ಲೂ ತಿರುಗುತ್ತದೆ, ಡೀಸೆಲ್ ಖರ್ಚೂ ಕಡಿಮೆ. ಆದರೆ ಅದರ ಹಿಂದೆ ನಡೆದವರ ರಟ್ಟೆಯನ್ನೇ ಕೇಳಬೇಕು! ವಯಸ್ಸಾದವರಿಗೆ ಬೇಡ.

ಕುಬೋಟಾ ಬಿ2441ರಂಥ 24 ಎಚ್‌ಪಿ ಮಿನಿ ಟ್ರ್ಯಾಕ್ಟರ್‌ಗೆ ದುಡ್ಡು ಜಾಸ್ತಿ. ಆದರೆ ಫೋರ್ ವೀಲ್ ಡ್ರೈವ್, ಅಡಿಕೆ ಸಾಲಿನ ನಡುವೆಯೂ ನುಗ್ಗುತ್ತದೆ. ಗದ್ದೆ, ತೋಟ ಎರಡೂ ಇರುವವರಿಗೆ ನಾನಾದರೆ ಇದನ್ನೇ ಹೇಳುತ್ತೇನೆ.

ಮಹೀಂದ್ರಾ 575ರಂಥ ದೊಡ್ಡ ಗಾಡಿಗೆ ಮೆಕ್ಯಾನಿಕ್ ಸುಲಭವಾಗಿ ಸಿಗುತ್ತಾರೆ, ಟ್ರೈಲರ್‌ನಲ್ಲಿ ಕೆಂಪು ಕಲ್ಲನ್ನೂ ಎಳೆಯುತ್ತದೆ. ಬಾಡಿಗೆಗೆ ಓಡಿಸುವುದಾದರೆ, ಗಟ್ಟಿ ನೆಲವಿದ್ದರೆ ಸರಿ. ಸ್ವಂತದ ಎರಡು ಎಕರೆಗೆ ಸುಮ್ನೆ ಯಾಕೆ, ಅಲ್ವಾ?

ಯಾವುದನ್ನೇ ತಂದರೂ ಜೂನ್‌ಗೆ ಮೊದಲೇ ಒಂದು ಜೊತೆ ಸೀಲ್ ತಂದಿಟ್ಟುಕೊಳ್ಳಿ.