ಉಪ್ಪುಗಾಳಿಯಲ್ಲಿ ಗೇರ್ ಸೈಕಲ್ಲು: ಕಡಿಮೆ ದುಡ್ಡಿನ ಬಿಡಿಭಾಗಗಳಲ್ಲಿ ಯಾವುದು ಬಾಳುತ್ತದೆ, ಯಾವುದು ದಂಡ

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಕರಾವಳಿಯಲ್ಲಿ ಸೈಕಲ್ಲು ಓಡದೆ ಜಗಲಿ ಬದಿಯಲ್ಲಿ ನಿಂತಿದ್ದರೂ ಸಾಕು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬ್ರೇಕ್ ತಂತಿ ಅದರ ಕೊಳವೆಯೊಳಗೇ ತುಕ್ಕು ಹಿಡಿದು ಕೂತಿರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ, ಕಡಲಿನ ಉಪ್ಪುಗಾಳಿ, ಚೆರ್ಕಳ ದಾಟಿ ಬದಿಯಡ್ಕ, ಪೆರ್ಲದ ಕಡೆ ಹೊರಟರೆ ಮುರಕಲ್ಲಿನ ಕೆಂಪು ಪುಡಿ ಮತ್ತು ಒಂದರ ಹಿಂದೊಂದು ಏರು. ಬೆಂಗಳೂರಿನವರು ಬರೆದ ಸಲಹೆ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಮುಂದೆ ಮೂರು, ಹಿಂದೆ ಏಳು ಗೇರು, ರಿಮ್ಮನ್ನು ಎರಡು ತೋಳಿನಿಂದ ಹಿಡಿಯುವ ವಿ-ಬ್ರೇಕ್ ಅಥವಾ ತಂತಿಯ ಡಿಸ್ಕ್ ಬ್ರೇಕ್ ಇರುವ ಸಾಧಾರಣ ಸೈಕಲ್ಲಿಗೆ ಏನು ಹಾಕಿಸಬಹುದು, ಏನು ಹಾಕಿಸಬಾರದು ಎಂಬಷ್ಟೇ ಇಲ್ಲಿನ ಲೆಕ್ಕ.

ಮೊದಲು ಟಯರು. ಏಳು ಭಾಷೆಯ ಈ ಕಾಸರಗೋಡಿನ ಅಂಗಡಿಗಳಲ್ಲಿ ಎಂಟನೆಯದೊಂದು ಭಾಷೆ ಕಲಿತರೆ ಮೋಸಹೋಗುವುದು ತಪ್ಪುತ್ತದೆ. ಅದು ಟಯರಿನ ಬದಿಯಲ್ಲಿ ಅಚ್ಚಾದ ಸಂಖ್ಯೆ. '26 ಇಂಚು' ಅಂದರೆ ಏನೂ ಹೇಳಿದಂತಾಗಲಿಲ್ಲ. 26×1.95 ಟಯರಿನ ಮೇಲೆ 559 ಎಂದಿರುತ್ತದೆ, 26×1⅜ ಟಯರಿನ ಮೇಲೆ 590 ಎಂದು. ರಿಮ್ಮಿನಲ್ಲಿ ಟಯರು ಕೂರುವ ಜಾಗದ ವ್ಯಾಸ ಅದು, ಮಿಲಿಮೀಟರಿನಲ್ಲಿ. ಎರಡರ ನಡುವೆ 31 ಮಿ.ಮೀ. ಅಂತರ, ಎಷ್ಟು ಎಳೆದರೂ ಕೂರುವುದಿಲ್ಲ. 27.5 ಇಂಚಿನದು 584. 29 ಇಂಚು ಮತ್ತು 700ಸಿ ಎರಡೂ 622. ಹಳೆಯ ಕಪ್ಪು ಸೈಕಲ್ಲಿನ 28×1½ ಮಾತ್ರ 635. '28ರ ಟಯರು' ಎಂದು ಕೇಳಿ 622ರದ್ದನ್ನು ತಂದವರು ಮರುದಿನ ಮತ್ತೆ ಪೇಟೆಗೆ ಹೋಗಬೇಕು.

ಹೊಸ ಸೈಕಲ್ಲಿನ ಜೊತೆ ಬರುವ ದಪ್ಪ ಗುಬ್ಬಿ ಟಯರು ಡಾಮರಿನಲ್ಲಿ ಗುಂಯ್‌ಗುಡುತ್ತ ಕಾಲಿನ ಬಲವನ್ನು ತಿನ್ನುತ್ತದೆ. ಕುಂಬಳೆ, ಉಪ್ಪಳ, ಕಾಸರಗೋಡು ಪೇಟೆ ಎಂದು ಡಾಮರಲ್ಲೇ ಓಡಾಡುವವರು ನಡುಭಾಗ ನುಣುಪಾಗಿರುವ 1.5ರಿಂದ 1.75 ಇಂಚಿನ ಟಯರು ಹಾಕಿಸಿದರೆ ಅದೇ ದುಡ್ಡಿನ ಬೇರಾವ ಬದಲಾವಣೆಯೂ ಕೊಡದಷ್ಟು ಹಗುರ ಸಿಗುತ್ತದೆ. ನುಣುಪು ಟಯರು ಮಳೆಯಲ್ಲಿ ಜಾರುತ್ತದೆಂಬುದು ಕಾರಿನಿಂದ ಬಂದ ಹೆದರಿಕೆ. ಸೈಕಲ್ಲಿನ ವೇಗದಲ್ಲಿ, ಇಷ್ಟು ಕಿರಿದಾದ ಟಯರಿನಡಿ ನೀರು ನಿಲ್ಲುವುದೇ ಇಲ್ಲ. ಆಟಿ ತಿಂಗಳಲ್ಲಿ ತೋಟದ ಕಾಂಕ್ರೀಟು ದಾರಿಗೆ ಹಿಡಿಯುವ ಪಾಚಿಯ ಮೇಲೆ ಮಾತ್ರ ಯಾವ ಟಯರೂ ನಿಲ್ಲದು. ಅಲ್ಲಿ ಇಳಿದು ನಡೆಯುವುದೇ. ಗಾಳಿ 1.75ಕ್ಕೆ 45ರಿಂದ 55 ಪಿಎಸ್ಐ, ಮಳೆಗಾಲದಲ್ಲಿ ಐದು ಕಡಿಮೆ. ಹೆದ್ದಾರಿ ಅಂಚಿನಲ್ಲಿ ಲಾರಿ ಟಯರು ಸಿಡಿದು ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿಯೇ ಇಲ್ಲಿನ ಪಂಕ್ಚರಿನ ಮುಖ್ಯ ಕಾರಣಗಳಲ್ಲೊಂದು. ಪ್ಯಾಚು ಹಾಕಿ ಮುಗಿಸಿದರೆ ಅದೇ ಜಾಗ ನಾಳೆ ಮತ್ತೆ ತೂತು. ಟಯರಿನ ಒಳಮೈಯನ್ನು ಹತ್ತಿಯ ಉಂಡೆಯಿಂದ ಸವರಿ. ತಂತಿ ಇದ್ದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ.

ಇನ್ನು ಬ್ರೇಕು. ಕೈಯಲ್ಲಿ ಮುನ್ನೂರೇ ರೂಪಾಯಿ ಇದ್ದರೂ ಅದು ಇಲ್ಲಿಗೇ ಹೋಗಬೇಕು. ಅಗ್ಗದ ವಿ-ಬ್ರೇಕಿನ ಜೊತೆ ಬರುವ ಶೂ, ಅಂದರೆ ರಿಮ್ಮನ್ನು ಒತ್ತುವ ತುಂಡು, ಗಟ್ಟಿ ಪ್ಲಾಸ್ಟಿಕ್ಕಿನಂತಿರುತ್ತದೆ, ಉಗುರು ಒತ್ತಿದರೆ ಗುರುತೂ ಬೀಳದು. 70 ಮಿ.ಮೀ. ಉದ್ದದ ಮೆದು ರಬ್ಬರಿನ ಶೂ ಹಾಕಿದರೆ ಒದ್ದೆ ರಿಮ್ಮಿನಲ್ಲೂ ಹಿಡಿತ ಬರುತ್ತದೆ. ರಬ್ಬರು ಮಾತ್ರ ಜಾರಿಸಿ ಬದಲಿಸಬಹುದಾದ ಲೋಹದ ಗೂಡಿನ ಬಗೆ ಮೊದಲ ಸಲ ದುಬಾರಿ, ಮೂರನೆಯ ಸಲಕ್ಕೆ ಅಗ್ಗ. ಕೂಲ್-ಸ್ಟಾಪ್‌ನವರ ಕಿತ್ತಳೆ ಛಾಯೆಯ ರಬ್ಬರು ಮಳೆಗೆಂದೇ ಹೆಸರಾದದ್ದು, ಸಿಕ್ಕಿದರೆ ಬಿಡಬೇಡಿ.

ನಮ್ಮ ಕೆಂಪುಮಣ್ಣಿನ ತಕರಾರು ಬೇರೆ. ಮುರಕಲ್ಲಿನ ಪುಡಿ ನೀರಿನೊಂದಿಗೆ ಸೇರಿ ಶೂವಿನೊಳಗೆ ಹೂತುಕೊಳ್ಳುತ್ತದೆ, ಆಮೇಲೆ ಬ್ರೇಕ್ ಹಿಡಿದಷ್ಟು ಸಲವೂ ಅಲ್ಯೂಮಿನಿಯಂ ರಿಮ್ಮನ್ನು ಅರ ಹಾಕಿದಂತೆ ತಿನ್ನುತ್ತದೆ. ಕರಕರ ಸದ್ದು ಬಂದರೆ ಚಕ್ರ ಬಿಚ್ಚಿ, ಶೂವಿನಲ್ಲಿ ಹೊಳೆಯುವ ಬಿಳಿ ಚೂರುಗಳನ್ನು ಸೂಜಿಯಿಂದ ಕಿತ್ತು, ಮೇಲ್ಮೈಯನ್ನು ಮರಳು ಕಾಗದದಲ್ಲಿ ಉಜ್ಜಿ. ರಿಮ್ಮಿನ ಬದಿ ಬೆರಳಿಗೆ ಗುಳಿಯಾಗಿ ತಾಗುತ್ತಿದ್ದರೆ ಆ ರಿಮ್ಮಿನ ಆಯುಸ್ಸು ಮುಗಿಯುತ್ತ ಬಂದಿದೆ, ಹೊಸ ಶೂ ಹಾಕಿ ಪ್ರಯೋಜನವಿಲ್ಲ. ಜೋಡಿಸುವಾಗ ಶೂವಿನ ದಪ್ಪ ಮತ್ತು ತೆಳು ಬಟ್ಟಲು ವಾಷರುಗಳ ಕ್ರಮ ನೋಡಿಟ್ಟುಕೊಳ್ಳಿ. ರಿಮ್ಮಿಗೂ ಬ್ರೇಕಿನ ತೋಳಿಗೂ ಇರುವ ಅಂತರಕ್ಕೆ ತಕ್ಕಂತೆ ಅವನ್ನು ಅದಲುಬದಲು ಮಾಡಬೇಕಾಗುತ್ತದೆ. ಶೂವಿನ ಹಿಂತುದಿಗೂ ರಿಮ್ಮಿಗೂ ನಡುವೆ ಮದುವೆ ಕಾಗದದ ದಪ್ಪದ ರಟ್ಟಿನ ತುಂಡಿಟ್ಟು, ಬ್ರೇಕ್ ಹಿಡಿದು ಬಿಗಿ ಮಾಡಿದರೆ ಮುಂತುದಿ ಮೊದಲು ತಾಗುತ್ತದೆ, ಕಿರುಚಾಟ ನಿಲ್ಲುತ್ತದೆ. ಶೂ ಟಯರಿಗೆ ತಾಗಲೇಬಾರದು. ತಾಗಿದರೆ ಬೇಗನೆ ಟಯರಿನ ಬದಿ ಹರಿಯುತ್ತದೆ.

ವಿ-ಬ್ರೇಕಿಗೂ ಹಳೆಯ ಬಗೆಯ ಕ್ಯಾಲಿಪರ್ ಬ್ರೇಕಿಗೂ ಹಿಡಿಕೆ ಒಂದೇ ಅಲ್ಲ. ವಿ-ಬ್ರೇಕಿಗೆ ಹೆಚ್ಚು ತಂತಿ ಎಳೆಯುವ ಹಿಡಿಕೆ ಬೇಕು. ಅದಲುಬದಲಾದರೆ ಒಂದೋ ಹಿಡಿಕೆ ಹ್ಯಾಂಡಲಿಗೇ ಬಂದು ತಾಗುತ್ತದೆ, ಇಲ್ಲವೇ ಕಲ್ಲಿನಂತೆ ಗಟ್ಟಿಯಾಗಿ ಬ್ರೇಕೇ ಹಿಡಿಯುವುದಿಲ್ಲ. ಡಿಸ್ಕ್ ಇದ್ದವರು ಹಳೆಯ ಪ್ಯಾಡನ್ನೇ ಅಂಗಡಿಗೆ ಒಯ್ಯಿರಿ, ಆಕಾರಗಳು ಹತ್ತಾರಿವೆ. ತಟ್ಟೆಯ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದು ಕೊರೆದಿದ್ದರೆ ಲೋಹದ ಪ್ಯಾಡು ಹಾಕಬಾರದು, ಮೆದು ಉಕ್ಕಿನ ತಟ್ಟೆ ಬೇಗ ಸವೆಯುತ್ತದೆ. ಶಿಮಾನೋ ಕಂಪನಿಯ ತಟ್ಟೆ ಹೊಸದಾಗಿ 1.8 ಮಿ.ಮೀ. ದಪ್ಪ, 1.5ಕ್ಕೆ ಇಳಿದರೆ ಬದಲಿಸಲೇಬೇಕು. ತಟ್ಟೆಗೆ ಎಣ್ಣೆಯ ಕೈ ತಾಗಿಸಬೇಡಿ.

ವಿ-ಬ್ರೇಕ್ ಸೈಕಲ್ಲನ್ನು ಡಿಸ್ಕಿಗೆ ಬದಲಿಸುವ ಕಿಟ್ಟು? ಬೇಡ. ಚೌಕಟ್ಟಿನಲ್ಲಿ ತಟ್ಟೆಯನ್ನು ಹಿಡಿಯುವ ಕ್ಯಾಲಿಪರ್ ಕೂರಿಸುವ ಬೆಸುಗೆಯಿಲ್ಲದೆ, ಕ್ಲಾಂಪು ಬಿಗಿದು ಕೂರಿಸಿದ ಕ್ಯಾಲಿಪರು ಇಳಿಜಾರಿನಲ್ಲಿ ತಿರುಗಿ ಕಡ್ಡಿಯೊಳಗೆ ಸಿಕ್ಕಿಕೊಂಡೀತು.

ಕರಾವಳಿಯ ಸೈಕಲ್ಲಿಗೆ ಅತ್ಯಂತ ಅಗ್ಗದ, ಅತ್ಯಂತ ಲಾಭದ ಬದಲಾವಣೆ ಯಾವುದೆಂದರೆ ಸ್ಟೇನ್‌ಲೆಸ್ ತಂತಿ. ಸತು ಲೇಪಿಸಿದ ಸಾಧಾರಣ ತಂತಿಗಿಂತ ಕೆಲವೇ ಹತ್ತು ರೂಪಾಯಿ ಹೆಚ್ಚು. ಅಯಸ್ಕಾಂತ ಹಿಡಿದು ಪರೀಕ್ಷಿಸುವುದನ್ನು ನಂಬಬೇಡಿ, ಎಳೆದು ತೆಳುವಾಗಿಸಿದ ಒಳ್ಳೆಯ ಸ್ಟೇನ್‌ಲೆಸ್ ತಂತಿಯೂ ಸ್ವಲ್ಪ ಅಂಟುತ್ತದೆ. ಬ್ರೇಕಿನದು 1.5ರಿಂದ 1.6 ಮಿ.ಮೀ., ಗೇರಿನದು 1.1ರಿಂದ 1.2. ಹೊರ ಕೊಳವೆ ಬ್ರೇಕಿಗೆ 5 ಮಿ.ಮೀ., ಒಳಗೆ ಸುರುಳಿ ಸುತ್ತಿದ ಪಟ್ಟಿ. ಗೇರಿಗೆ ಸಾಮಾನ್ಯವಾಗಿ 4 ಮಿ.ಮೀ., ಒಳಗೆ ಉದ್ದುದ್ದ ತಂತಿಗಳು. ಗೇರಿನ ಕೊಳವೆಯನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದ ಹೊತ್ತಿಗೇ ಅದು ಸೀಳುತ್ತದೆ. ಅವಸರದ ಅಂಗಡಿಯಲ್ಲಿ ಈ ತಪ್ಪು ನಡೆಯುತ್ತದೆ, ನಿಂತು ನೋಡಿ. ಕೊಳವೆ ಕತ್ತರಿಸಿದ ಮೇಲೆ ಬಾಯಿ ಚಪ್ಪಟೆಯಾಗಿರುತ್ತದೆ. ಅರದಿಂದ ಸಮ ಮಾಡಿ, ಮೊಳೆಯ ತುದಿಯಿಂದ ಬಾಯಿ ಬಿಡಿಸಿ, ತುದಿಗೆ ಟೋಪಿ ಹಾಕಬೇಕು. ಹಿಂದಿನ ಡಿರೇಲರಿಗೆ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬಾಗಿ ಇಳಿಯುವ ಗೇಣುದ್ದದ ತುಂಡಿನಲ್ಲೇ ಕೆಸರು ನೀರು ನಿಲ್ಲುವುದು. ಆ ತುಂಡನ್ನು ಮಾತ್ರ ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸಿದರೂ ಗೇರು ಹೊಸದರಂತೆ ಬೀಳುತ್ತದೆ.

ಗೇರು ಸರಿ ಬೀಳುತ್ತಿಲ್ಲವೆಂದು ಹೊಸ ಡಿರೇಲರ್ ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಈ ತಂತಿಯೇ. ತಂತಿ ಸರಿಯಿದ್ದರೆ ಮುಂದೆ ನೋಡಬೇಕಾದದ್ದು ಹ್ಯಾಂಗರ್, ಅಂದರೆ ಡಿರೇಲರ್ ನೇತಾಡುವ ತುಂಡು. ಸೈಕಲ್ಲು ಬಲಕ್ಕೆ ಬಿದ್ದರೆ ಅದು ಬಾಗುತ್ತದೆ. ಹಿಂದಿನಿಂದ ನೋಡಿ: ಡಿರೇಲರಿನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲಿನ ಚಕ್ರದ ನೇರಕ್ಕೇ ಇರಬೇಕು. ಓರೆಯಿದ್ದರೆ ಎಷ್ಟು ದುಬಾರಿ ಡಿರೇಲರ್ ಹಾಕಿದರೂ ಓರೆಯೇ.

ಚೈನಿನ ವಿಷಯಕ್ಕೆ ಬಂದರೆ, 6, 7, 8 ಗೇರಿಗೆಲ್ಲ ಒಂದೇ ಅಗಲದ ಚೈನು ನಡೆಯುತ್ತದೆ. ಕೆಎಂಸಿ ಎಂಬ ಚೈನು ಕಂಪನಿಯ ಎಂಟು ಗೇರಿನ, 116 ಕೊಂಡಿಯ ಚೈನು ಒಳ್ಳೆಯ ಆಯ್ಕೆ. ಬಿಚ್ಚಿ ಹಾಕಬಹುದಾದ ಜೋಡು ಕೊಂಡಿ ಅದರ ಜೊತೆಗೇ ಬಂದಿದೆಯೇ ನೋಡಿಕೊಳ್ಳಿ. ಸವೆತ ನೋಡಲು ಉಪಕರಣ ಬೇಡ. 12 ಇಂಚಿನ ಉಕ್ಕಿನ ಅಳತೆಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ ಅದನ್ನೂ ಸೇರಿಸಿ ಇಪ್ಪತ್ತೈದನೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ, ಅಂದರೆ 304.8 ಮಿ.ಮೀ.ಗೆ ಬೀಳಬೇಕು. 307ಕ್ಕೆ ಬಂದಿದ್ದರೆ ಚೈನು ಬದಲಿಸಿ. 308 ದಾಟುವವರೆಗೆ ಓಡಿಸಿದರೆ ಫ್ರೀವೀಲಿನ, ಅಂದರೆ ಹಿಂದಿನ ಗೇರುಗಳ ಗುಚ್ಛದ, ಹಲ್ಲೂ ಸವೆದಿರುತ್ತದೆ. ಆಮೇಲೆ ಹಾಕಿದ ಹೊಸ ಚೈನು ಏರಿನಲ್ಲಿ ಹಲ್ಲು ಹಾರುತ್ತದೆ, ಕಾಲು ಜಾರಿ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತದೆ.

ಎಣ್ಣೆಯ ಬಗ್ಗೆ ಊರಲ್ಲಿ ಒಂದು ಚಾಳಿ ಇದೆ: ಮನೆಯಲ್ಲಿ ಹೇಗೂ ಉಂಟಲ್ಲ ಎಂದು ತೆಂಗಿನೆಣ್ಣೆ. ಅದು ದೂಳನ್ನೆಲ್ಲ ಹಿಡಿದು ಅರೆಯುವ ಹಿಟ್ಟಾಗುತ್ತದೆ. ದೋಸೆಗೆ ಇರಲಿ. ಬೈಕಿನಿಂದ ತೆಗೆದ ಹಳೆಯ ಎಂಜಿನ್ ಎಣ್ಣೆ ಇನ್ನೂ ಕೆಟ್ಟದು, ಅದರಲ್ಲಿ ಮಸಿಯೂ ಲೋಹದ ಪುಡಿಯೂ ಇರುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಬೇಸಿಗೆಗೆ ಸಾಕು, ಮಳೆಯಲ್ಲಿ ಒಂದೇ ಸವಾರಿಗೆ ತೊಳೆದುಹೋಗುತ್ತದೆ. ಮಳೆಗಾಲಕ್ಕೆ ಸೈಕಲ್ಲಿಗೆಂದೇ ಬರುವ 'ವೆಟ್ ಲ್ಯೂಬ್' ಕೊಳ್ಳಿ. ಕೊಂಡಿಗೊಂದು ಹನಿ, ಹತ್ತು ನಿಮಿಷ ಬಿಟ್ಟು ಹಳೆಯ ಬಟ್ಟೆಯಲ್ಲಿ ಹೊರಮೈ ಒರೆಸಬೇಕು. ಎಣ್ಣೆ ಬೇಕಾದದ್ದು ಪಿನ್ನಿನೊಳಗೆ, ಹೊರಗೆ ಉಳಿದದ್ದು ಮಣ್ಣಿಗೆ ಆಮಂತ್ರಣ.

ಬದಿಯಡ್ಕ, ಮುಳ್ಳೇರಿಯ, ಪೊಸಡಿಗುಂಪೆಯ ಕಡೆ ಏರು ಹತ್ತುವವರಿಗೆ ನಿಜಕ್ಕೂ ಫಲ ಕೊಡುವುದು 14–34 ಹಲ್ಲಿನ ಏಳು ಗೇರಿನ ಫ್ರೀವೀಲು. ಸಾಧಾರಣ ಸೈಕಲ್ಲಿನಲ್ಲಿ 14–28 ಇರುತ್ತದೆ. ಮುಂದೆ ಚಿಕ್ಕ ಚಕ್ರ 28 ಹಲ್ಲಿನದಾದರೆ ಪೆಡಲು ಒಂದು ಸುತ್ತು ಬಂದಾಗ ಹಿಂದಿನ ಚಕ್ರವೂ ಒಂದು ಸುತ್ತು. 34 ಹಾಕಿದರೆ 0.82 ಸುತ್ತು. ಹದಿನೆಂಟು ಶೇಕಡಾ ಹಗುರ. ಒಂದು ಕೊರತೆ, ಈ ಬಗೆಯ ಶಿಮಾನೋ ಮೆಗಾರೇಂಜ್ ಫ್ರೀವೀಲಿನಲ್ಲಿ ಹಲ್ಲುಗಳು 14, 16, 18, 20, 22, 24 ಎಂದು ಮೆಟ್ಟಿಲಾಗಿ ಹೋಗಿ ಒಮ್ಮೆಲೇ 34ಕ್ಕೆ ನೆಗೆಯುತ್ತವೆ. ಕಡೆಯ ಗೇರನ್ನು ಏರು ಕಡಿದಾಗುವ ಮೊದಲೇ ಹಾಕಿಕೊಳ್ಳಬೇಕು. ಹಳೆಯ ಡಿರೇಲರ್ 34 ಹಲ್ಲು ಎತ್ತುತ್ತದೆಯೇ ಎಂದು ಅದರ ಹಿಂದೆ ಅಚ್ಚಾದ ಮಾದರಿ ಸಂಖ್ಯೆಯಿಂದ ಮೊದಲೇ ತಿಳಿದುಕೊಳ್ಳಿ. ಶಿಮಾನೋದ 'ಟೂರ್ನಿ' ಎಂಬ ಒಂದೇ ಹೆಸರಿನಲ್ಲಿ ಗಿಡ್ಡ ತೋಳಿನದೂ ಉದ್ದ ತೋಳಿನದೂ ಇವೆ. ಚೈನಿನ ಉದ್ದ ಗೊತ್ತುಮಾಡಲು ಅದನ್ನು ಡಿರೇಲರಿನೊಳಗೆ ಹಾಯಿಸದೆ ಮುಂದಿನ ದೊಡ್ಡ ಹಲ್ಲಿನ ಚಕ್ರ, ಹಿಂದಿನ ದೊಡ್ಡದರ ಮೇಲೆ ಸುತ್ತಿ, ಕೂಡುವ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚು ಬಿಡಿ. ಹಳೆಯ ಫ್ರೀವೀಲು ಬಿಚ್ಚಲು ಹನ್ನೆರಡು ಗೀರಿನ ಉಪಕರಣ ಬೇಕು. ತುಳಿದು ತುಳಿದು ಅದು ಬಿಗಿದಿರುತ್ತದೆ, ಸ್ಪ್ಯಾನರಿಗೆ ಒಂದೂವರೆ ಅಡಿ ಪೈಪು ತೊಡಿಸಿ ಎಡಕ್ಕೆ ತಿರುಗಿಸಿ. ಹೊಸದರ ಮರೆಗೆ, ಅಂದರೆ ತಿರುಪಿನ ಎಳೆಗಳಿಗೆ, ಗ್ರೀಸು ಹಚ್ಚದೆ ಹಾಕಿದರೆ ಈ ಊರಿನಲ್ಲಿ ಅದು ಮತ್ತೆ ಬಿಚ್ಚುವ ಜಾತಿಯಲ್ಲ.

ಫ್ರೀವೀಲ್ ಬಗೆಯಲ್ಲಿ ಬಲಬದಿಯ ಬೇರಿಂಗು ಒಳಗೆ ಬಹುದೂರ ಕೂತಿರುವುದರಿಂದ ಆಕ್ಸಲು ಬಾಗುವುದು ಸಹಜ. ವರ್ಷಕ್ಕೆರಡು ಸಲ ಬಾಗಿದರೆ ಮತ್ತೆ ಮತ್ತೆ ಆಕ್ಸಲು ಕೊಳ್ಳುವುದಕ್ಕಿಂತ ಹಲ್ಲುಗಳು ಜಾರಿ ಕೂರುವ ಕ್ಯಾಸೆಟ್ ಬಗೆಯ ಚಕ್ರಕ್ಕೆ ದುಡ್ಡು ಕೂಡಿಡುವುದು ಮೇಲು. ಹಿಂದಿನ ಚಕ್ರದ ನಡುವಿನ ಹಬ್ಬಿನ ಗೋಲಿ ಸಾಮಾನ್ಯವಾಗಿ ಕಾಲು ಇಂಚಿನದು, ಬದಿಗೆ ಒಂಬತ್ತು. ಮಳೆ ಮುಗಿದ ಮೇಲೆ ಗೋಲಿಯನ್ನೇ ಬದಲಿಸಿ ಹೊಸ ಗ್ರೀಸು ತುಂಬಿ, ಖರ್ಚು ಚಹಾ ಬನ್ಸಿನಷ್ಟು.

ಪೆಡಲು ತಿರುಗುವ ನಡು ಆಕ್ಸಲಿನ ಗೋಲಿಬಟ್ಟಲು ನೀರು ಕುಡಿದು ಕಟಕಟ ಅನ್ನುತ್ತಿದ್ದರೆ ಮುಚ್ಚಿದ ಕಾರ್ಟ್ರಿಜ್ ಬೇರಿಂಗ್ ಹಾಕಿಸಿ. ಚೌಕಟ್ಟಿನ ಅಗಲ 68 ಮಿ.ಮೀ. ಇದ್ದರೂ ಆಕ್ಸಲಿನ ಉದ್ದ 113, 117.5, 122.5 ಎಂದು ಬದಲಾಗುತ್ತದೆ. ಹಳೆಯದನ್ನು ಅಳೆದೇ ಕೊಳ್ಳಿ. ಬಲಬದಿಯ ಮರೆ ಉಲ್ಟಾ. ಕ್ರ್ಯಾಂಕಿನ (ಪೆಡಲಿನ ತೋಳಿನ) ಬೋಲ್ಟು 35ರಿಂದ 50 ನ್ಯೂಟನ್ ಮೀಟರ್ ಬಿಗಿ, ಅಂದರೆ ಗೇಣುದ್ದದ ಸ್ಪ್ಯಾನರಿನ ತುದಿಯಲ್ಲಿ ಇಪ್ಪತ್ತು ಕಿಲೋ ತೂಕ ಹಾಕಿದಷ್ಟು. ಎಡಗಡೆಯ ಕ್ರ್ಯಾಂಕು ಸಡಿಲವಾದದ್ದು ತಿಳಿದೂ ಮನೆವರೆಗೆ ತುಳಿದರೆ ಚೌಕ ತೂತು ದುಂಡಗಾಗಿ ಅದನ್ನು ಎಸೆಯಬೇಕಾಗುತ್ತದೆ.

ಪೆಡಲು: ಮೂರು ತುಂಡಿನ ಕ್ರ್ಯಾಂಕಿಗೆ 9/16 ಇಂಚು, ಎಡದ್ದು ಉಲ್ಟಾ ಮರೆ. ಸೀಟಿನ ಮೇಲೆ ಹಾಕುವ ಜೆಲ್ ಕವರು ಮಳೆನೀರು ಹೀರುವ ಸ್ಪಂಜು, ಬೇಡವೇ ಬೇಡ. ಸೀಟಿನ ಕಂಬಕ್ಕೆ ಆರು ತಿಂಗಳಿಗೊಮ್ಮೆ ಗ್ರೀಸು ಹಚ್ಚದಿದ್ದರೆ ಅಲ್ಯೂಮಿನಿಯಂ ಕಂಬವೂ ಉಕ್ಕಿನ ಚೌಕಟ್ಟೂ ಉಪ್ಪಿನ ತೇವದಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಮಡ್‌ಗಾರ್ಡು ಚಕ್ರದ ಉದ್ದಕ್ಕೂ ಬಾಗಿದ್ದೇ ಬೇಕು. ಸೀಟಿನ ಕೆಳಗೆ ಸಿಕ್ಕಿಸುವ ಬಾಲ ಬೆನ್ನನ್ನು ಕಾಯುತ್ತದೆ, ಚೈನನ್ನಲ್ಲ. ಮುಂದಿನದರ ತುದಿಗೆ ಹಳೆಯ ಕಾರ್ ಮ್ಯಾಟಿನ ತುಂಡನ್ನು ಎರಡು ಬೋಲ್ಟಿನಲ್ಲಿ ಹಾಕಿ ನೆಲದಿಂದ ನಾಲ್ಕು ಬೆರಳು ಮೇಲಿರುವಂತೆ ಇಳಿಬಿಟ್ಟರೆ ನಡು ಆಕ್ಸಲಿಗೂ ಚೈನಿಗೂ ಕೆಸರು ಎರಚುವುದು ಬಹುಮಟ್ಟಿಗೆ ನಿಲ್ಲುತ್ತದೆ. ಲೈಟಿನಲ್ಲಿ ಐಪಿಎಕ್ಸ್4 ಅಂದರೆ ಎರಚಲಿಗೆ ತಡೆ, ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ. ಇಲ್ಲಿನ ಮಳೆಗೆ ಎರಡನೆಯದನ್ನೇ ನೋಡಿ, ಚಾರ್ಜಿನ ಬಾಯಿಯ ರಬ್ಬರು ಮುಚ್ಚಳ ಸಡಿಲವಿದ್ದರೆ ಅಂಗಡಿಯಲ್ಲೇ ವಾಪಸು ಇಟ್ಟು ಬನ್ನಿ.

ಟಯರು, ಟ್ಯೂಬು, ಬ್ರೇಕ್ ಶೂ ಕಾಸರಗೋಡಿನಲ್ಲೇ ಸಿಗುತ್ತವೆ. ಫ್ರೀವೀಲು, ಕಾರ್ಟ್ರಿಜ್, ಸ್ಟೇನ್‌ಲೆಸ್ ತಂತಿ ಊರಲ್ಲಿ ಸಿಗದಿದ್ದರೆ ಸುಮಾರು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಬೇಕು, ಇಲ್ಲವೇ ಆನ್‌ಲೈನ್ ತರಿಸಬೇಕು. ತರಿಸುವ ಮೊದಲು ಹಳೆಯ ಭಾಗದ ಮೇಲಿನ ಅಚ್ಚನ್ನು ಫೋಟೋ ತೆಗೆದುಕೊಳ್ಳಿ. ತುಕ್ಕಿನಡಿ ಕಾಣದಿದ್ದರೆ ಸ್ವಲ್ಪ ಡೀಸೆಲ್ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೆ ಅಕ್ಷರ ಮೇಲೆ ಬರುತ್ತದೆ.